ಕಲ್ಲಿನ ಧೂಳು ಮತ್ತು ಒಂದು ಕೊಡ ನೀರು



ನಿಮ್ಮ ಮನೆಯ ಅಡುಗೆಕೋಣೆಯ ಕಲ್ಲಿನ ಕಟ್ಟೆಯ ಮೇಲೊಮ್ಮೆ ಕೈಯಾಡಿಸಿ ನೋಡಿ. ಎಷ್ಟು ನುಣುಪಾಗಿದೆ, ಎಷ್ಟು ತಂಪಾಗಿದೆ! ಆ ಕಲ್ಲನ್ನು ಅಳತೆಗೆ ಕತ್ತರಿಸಿದ ದಿನ ನಿಮಗೆ ನೆನಪಿರಬಹುದು. ಅಂಗಳದಲ್ಲಿ ಒಬ್ಬ ಯುವಕ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವನ ಕೈಯಲ್ಲಿದ್ದ ಯಂತ್ರದ ಗರಗಸ ಕಲ್ಲನ್ನು ಮುಟ್ಟಿದೊಡನೆ ಬಿಳಿಯ ಮೋಡವೊಂದು ಎದ್ದು ಅವನನ್ನು ಪೂರ್ತಿಯಾಗಿ ಮುಚ್ಚಿಬಿಟ್ಟಿತು. ಅವನ ಮೂಗಿಗಿದ್ದ ರಕ್ಷಣೆ ಒಂದು ಕರವಸ್ತ್ರ ಮಾತ್ರ. ನಾವು ಕಿಟಕಿಗಳನ್ನು ಮುಚ್ಚಿಕೊಂಡೆವು. ಒಣಗಲು ಹಾಕಿದ್ದ ಬಟ್ಟೆಗಳನ್ನು ಒಳಗೆ ತಂದೆವು. ಸಂಜೆಗೆ ಅವನು ಕೂಲಿ ಪಡೆದು ಹೊರಟುಹೋದ. ಹತ್ತು ವರ್ಷಗಳ ಬಳಿಕ ಅವನು ಎಲ್ಲಿದ್ದಾನೆ, ಹೇಗೆ ಉಸಿರಾಡುತ್ತಿದ್ದಾನೆ ಎಂಬುದು ನಮಗೆ ತಿಳಿಯದು.

ಈ 'ತಿಳಿಯದು' ಎಂಬ ಮಾತಿಗೂ ಒಂದು ಚರಿತ್ರೆಯಿದೆ. ಕಲ್ಲಿನ ಧೂಳು ಮನುಷ್ಯನನ್ನು ಕೊಲ್ಲುತ್ತದೆ ಎಂಬ ಸಂಗತಿಯನ್ನು ಲೋಕವು ಶತಮಾನಗಳಿಂದ ಬಲ್ಲದು. ಅದನ್ನು ತಡೆಯುವ ಉಪಾಯವೂ ಬಹುಕಾಲದಿಂದ ತಿಳಿದದ್ದೇ. ಆದರೂ ಸಾವು ನಿಲ್ಲಲಿಲ್ಲ. ಏಕೆಂದರೆ ಧೂಳು ಕುಡಿದವನು ಕೆಲಸದ ಸ್ಥಳದಲ್ಲಿ ಸಾಯುವುದಿಲ್ಲ. ವರ್ಷಗಳ ನಂತರ, ದೂರದ ತನ್ನ ಊರಿನಲ್ಲಿ, ಯಾರೂ ಲೆಕ್ಕವಿಡದ ಒಂದು ಮೂಲೆಯಲ್ಲಿ ಸಾಯುತ್ತಾನೆ. ಆ ಚರಿತ್ರೆಯನ್ನು ಈ ಪುಟಗಳಲ್ಲಿ ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಕಣ್ಣಿಗೆ ಕಾಣದ ಶತ್ರು

ಗ್ರಾನೈಟ್, ಮರಳುಗಲ್ಲು, ಸ್ಲೇಟು, ಚಿನ್ನದ ಅದಿರನ್ನು ಹೊತ್ತ ಬೆಣಚುಕಲ್ಲು, ಇವೆಲ್ಲವುಗಳಲ್ಲಿಯೂ ಸಿಲಿಕಾ ಎಂಬ ಖನಿಜವಿದೆ. ಕಲ್ಲು ಕಲ್ಲಾಗಿರುವತನಕ ಅದರಿಂದ ಯಾವ ಕೇಡೂ ಇಲ್ಲ. ಒಡೆದಾಗ, ಕೊರೆದಾಗ, ಕತ್ತರಿಸಿದಾಗ ಮಾತ್ರ ಅದು ಅಪಾಯಕಾರಿಯಾಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಧೂಳು ಅಷ್ಟೇನೂ ಕೆಟ್ಟದ್ದಲ್ಲ. ಅದರ ಬಹುಭಾಗ ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಂಡು ಕೆಮ್ಮಿನೊಡನೆ ಹೊರಬರುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಿರಿದಾದ ಕಣಗಳೇ ನಿಜವಾದ ಶತ್ರುಗಳು. ಅವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ತಲಪುತ್ತವೆ. ಅಲ್ಲಿ ಕಾವಲಿರುವ ಜೀವಕೋಶಗಳು ಅವುಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಆ ಜಾಗದಲ್ಲೆಲ್ಲ ಗಾಯದ ಕಲೆಯಂತಹ ಗಟ್ಟಿ ಗಂಟುಗಳು ಬೆಳೆಯುತ್ತವೆ. ಮೃದುವಾದ ಶ್ವಾಸಕೋಶವು ಮೆಲ್ಲಮೆಲ್ಲನೆ ಬಿಗಿಯುತ್ತದೆ. ಇದೇ ಸಿಲಿಕೋಸಿಸ್ ರೋಗ.

ಇದನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಧೂಳಿನ ಕೆಲಸವನ್ನು ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಈ ರೋಗವಿದ್ದವರಿಗೆ ಕ್ಷಯ ಬೇಗನೆ ತಗಲುತ್ತದೆ. ಸಿಲಿಕಾ ಧೂಳು ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಸಾರಿತು. ಗುಣಪಡಿಸಲಾಗದ ಈ ರೋಗವನ್ನು ಪೂರ್ತಿಯಾಗಿ ತಡೆಯಬಹುದು ಎಂಬುದನ್ನು ಮಾತ್ರ ಇಲ್ಲಿ ಮರೆಯಬಾರದು.

ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರು

ಗಣಿಪಟ್ಟಣದಲ್ಲಿ ವೈದ್ಯನಾಗಿದ್ದ ಅಗ್ರಿಕೋಲಾ ಎಂಬ ಜರ್ಮನ್ ವಿದ್ವಾಂಸನು ಗಣಿಗಾರಿಕೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದನು. ಅದು ಅಚ್ಚಾದದ್ದು 1556ರಲ್ಲಿ, ಅವನು ಕಣ್ಣುಮುಚ್ಚಿದ ಮರುವರ್ಷ. ಒಣಗಿದ ಗಣಿಗಳಲ್ಲಿ ಏಳುವ ಧೂಳು ಶ್ವಾಸಕೋಶವನ್ನು ತಿನ್ನುತ್ತದೆಂದು ಅವನು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಕಾರ್ಪೇಥಿಯನ್ ಪರ್ವತಗಳ ಗಣಿಗಳಲ್ಲಿ ಏಳು ಮಂದಿ ಗಂಡಂದಿರನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡ ಹೆಂಗಸರಿದ್ದಾರೆಂದೂ ದಾಖಲಿಸಿದ್ದಾನೆ. ಒಂದು ರೋಗದ ಚರಿತ್ರೆಯು ವಿಧವೆಯರ ಲೆಕ್ಕದಿಂದ ಆರಂಭವಾಯಿತೆಂಬುದನ್ನು ಗಮನಿಸಿ. ಅದೇ ಗ್ರಂಥದಲ್ಲಿ ಗಣಿಯೊಳಕ್ಕೆ ಶುದ್ಧ ಗಾಳಿಯನ್ನು ತಳ್ಳುವ ಯಂತ್ರಗಳ ಚಿತ್ರಗಳಿವೆ. ಮುಖಕ್ಕೆ ಸಡಿಲವಾದ ಮುಸುಕು ಹಾಕಿಕೊಳ್ಳಬೇಕೆಂಬ ಸಲಹೆಯೂ ಇದೆ. ರೋಗವೂ ಉಪಾಯವೂ ಒಂದೇ ಪುಸ್ತಕದಲ್ಲಿದ್ದವು.

ಇಟಲಿಯ ವೈದ್ಯ ರಾಮಾಝೀನಿ 1700ರಲ್ಲಿ ಕುಶಲಕರ್ಮಿಗಳ ರೋಗಗಳ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದನು. ಕಲ್ಲುಕುಟಿಗರ ಶ್ವಾಸಕೋಶಗಳನ್ನು ಕೊಯ್ದು ನೋಡಿದಾಗ ಮರಳು ತುಂಬಿದ್ದ ಸಂಗತಿಯನ್ನು ಅವನು ಅದರಲ್ಲಿ ಹೇಳುತ್ತಾನೆ. ರೋಗಿಯ ಬಳಿ ವೈದ್ಯರು ವಾಡಿಕೆಯಂತೆ ಕೇಳುವ ಪ್ರಶ್ನೆಗಳಿಗೆ ಅವನು ಇನ್ನೊಂದನ್ನು ಸೇರಿಸಿದನು: ನೀನು ಮಾಡುವ ಕೆಲಸ ಯಾವುದು? ಮೂರು ಶತಮಾನಗಳು ಕಳೆದರೂ ಆ ಪ್ರಶ್ನೆ ಇಂದಿಗೂ ಹಲವು ಆಸ್ಪತ್ರೆಗಳಲ್ಲಿ ಕೇಳಿಬರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರವು ಚಾಕು, ಮುಳ್ಳುಚಮಚಗಳಿಗೆ ಲೋಕಪ್ರಸಿದ್ಧವಾಗಿತ್ತು. ಅವುಗಳನ್ನು ಮರಳುಗಲ್ಲಿನ ಚಕ್ರಗಳ ಮೇಲೆ ಸಾಣೆ ಹಿಡಿಯುತ್ತಿದ್ದರು. ಕೆಲವು ಸಾಮಾನುಗಳಿಗೆ ಚಕ್ರವನ್ನು ನೀರಿನಲ್ಲಿ ತೋಯಿಸುತ್ತಿದ್ದರು. ಮುಳ್ಳುಚಮಚದಂತಹವುಗಳಿಗೆ ಒಣಚಕ್ರವೇ ಬೇಕಾಗುತ್ತಿತ್ತು. ಒಣಚಕ್ರದವರು ಮೂವತ್ತರ ಆಸುಪಾಸಿನಲ್ಲಿಯೇ ಸಾಯುತ್ತಿದ್ದರು. ನೀರಿನ ಚಕ್ರದವರು ಅವರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದರು. ಅಲ್ಲಿನ ವೈದ್ಯರು ಇದನ್ನು ಕಂಡು ಬರೆದಿಟ್ಟರು. ಒಂದೇ ನಗರ, ಒಂದೇ ಕಸುಬು, ಒಂದೇ ಕಲ್ಲು. ನಡುವಿನ ವ್ಯತ್ಯಾಸ ಸ್ವಲ್ಪ ನೀರು ಮಾತ್ರ. ಧೂಳನ್ನು ಹೀರಿ ಹೊರಗೆ ಕಳಿಸುವ ಬೀಸಣಿಗೆ ಯಂತ್ರವೂ ಅಲ್ಲಿ ಬಳಕೆಗೆ ಬಂದಿತು. ಆದರೆ ಅದನ್ನು ಕೂಡಿಸಿಕೊಳ್ಳುವ ಖರ್ಚು ಯಾರದ್ದೆಂಬ ಜಗಳದಲ್ಲಿ ಅನೇಕ ವರ್ಷಗಳು ಉರುಳಿದವು.

ಕೊರೆಯುವ ಯಂತ್ರ ಬಂದಾಗ

ಸುತ್ತಿಗೆ, ಉಳಿಗಳಿಂದ ಕಲ್ಲು ಒಡೆಯುತ್ತಿದ್ದ ಕಾಲದಲ್ಲಿ ಏಳುತ್ತಿದ್ದ ಧೂಳು ಅಲ್ಪ. ಒತ್ತಿದ ಗಾಳಿಯಿಂದ ನಡೆಯುವ ಕೊರೆಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಣಿಗಳನ್ನು ಹೊಕ್ಕಾಗ ಧೂಳು ಅನೇಕ ಪಟ್ಟು ಹೆಚ್ಚಿತು. ಅಮೆರಿಕದ ಗಣಿಗಾರರು ಆ ಯಂತ್ರಕ್ಕೆ ಇಟ್ಟ ಅಡ್ಡಹೆಸರಿನ ಅರ್ಥ 'ವಿಧವೆಯರನ್ನು ಮಾಡುವುದು' ಎಂದು. 1890ರ ದಶಕದ ಕೊನೆಯಲ್ಲಿ ಜಾನ್ ಜಾರ್ಜ್ ಲೈನರ್ ಎಂಬ ಅಮೆರಿಕನ್ನನು ಟೊಳ್ಳಾದ ಉಳಿಯ ಮೂಲಕ ನೀರನ್ನು ಹಾಯಿಸುವ ಕೊರೆಯಂತ್ರವನ್ನು ರೂಪಿಸಿದನು. ಧೂಳು ಹುಟ್ಟುವ ಜಾಗದಲ್ಲಿಯೇ ಅದನ್ನು ಕೆಸರಾಗಿಸುವ ಜಾಣತನ ಅದರಲ್ಲಿತ್ತು.

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಯಂತ್ರಗಳನ್ನು ನಡೆಸಲು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನುರಿತ ಗಣಿಗಾರರು ಹೋಗಿದ್ದರು. 1899ರಲ್ಲಿ ಬೋಯರ್ ಯುದ್ಧ ಆರಂಭವಾಗಿ ಗಣಿಗಳು ನಿಂತವು. 1902ರಲ್ಲಿ ಯುದ್ಧ ಮುಗಿದು ಮತ್ತೆ ಕೆಲಸಕ್ಕೆ ಕರೆದಾಗ, ಮೊದಲು ಕೊರೆಯಂತ್ರ ಹಿಡಿದಿದ್ದವರಲ್ಲಿ ಅನೇಕರು ಬದುಕಿರಲಿಲ್ಲ. ಯುದ್ಧವು ಅವರನ್ನು ಕೊಂದಿರಲಿಲ್ಲ. ಊರಿಗೆ ಮರಳಿದವರು ಅಲ್ಲಿಯೇ ಉಸಿರು ಕಟ್ಟಿ ಸತ್ತಿದ್ದರು. ಕಾರ್ನ್‌ವಾಲಿನ ಗಣಿಗಾರರ ಆರೋಗ್ಯವನ್ನು ಕುರಿತು ಹಾಲ್ಡೇನ್ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು 1904ರಲ್ಲಿ ವರದಿ ಸಲ್ಲಿಸಿ, ಇದಕ್ಕೆ ಕಲ್ಲಿನ ಧೂಳೇ ಕಾರಣವೆಂದೂ ನೀರಿನಿಂದ ಅದನ್ನು ತಡೆಯಬಹುದೆಂದೂ ತಿಳಿಸಿದರು. 1911ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಪರಿಹಾರದ ಕಾನೂನು ಬಂದಿತು. ಬಿಳಿಯ ಗಣಿಗಾರರಿಗೆ ದೊರೆತ ಗಮನವು ಕರಿಯ ಗಣಿಗಾರರಿಗೆ ದೊರೆಯಲಿಲ್ಲ. ಹಳ್ಳಿಗೆ ಮರಳಿ ಸತ್ತ ಕರಿಯರನ್ನು ಎಣಿಸಲು ಯಾರೂ ಹೋಗಲಿಲ್ಲ.

ನಮ್ಮ ಕೋಲಾರದ ಕಥೆ

ಈಗ ನಮ್ಮ ನಾಡಿಗೆ ಬರೋಣ. ಕೋಲಾರದ ಚಿನ್ನದ ಗಣಿಗಳನ್ನು 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆಯು ವಹಿಸಿಕೊಂಡಿತು. ಇಲ್ಲಿಗೂ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು. ಉತ್ತರ ಆರ್ಕಾಡು, ಚಿತ್ತೂರು ಮುಂತಾದ ಕಡೆಗಳಿಂದ ಸಾವಿರಾರು ಬಡ ಕುಟುಂಬಗಳು ಬಂದು ಗಣಿಯ ಸಾಲುಮನೆಗಳಲ್ಲಿ ನೆಲಸಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಗಣಿಗಳಿಗೆ ಹರಿದುಬಂದಿತು. ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ಶಾಲೆಯ ಪಠ್ಯದಲ್ಲಿ ನಾವು ಇದನ್ನೆಲ್ಲ ಹೆಮ್ಮೆಯಿಂದ ಓದಿದ್ದೇವೆ.

ಆದರೆ ಆ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ಅಡಗಿತ್ತು. ಬೆಣಚುಕಲ್ಲು ಎಂದರೆ ಬಹುಮಟ್ಟಿಗೆ ಸಿಲಿಕಾ. 1940ರ ದಶಕದಲ್ಲಿ ಈ ಗಣಿಗಳ ಕಾರ್ಮಿಕರ ಎದೆಯ ಎಕ್ಸ್‌ರೇ ಪರೀಕ್ಷೆಯನ್ನು ವ್ಯಾಪಕವಾಗಿ ನಡೆಸಲಾಯಿತು. ಕ್ಯಾಪ್ಲಾನ್ ಮತ್ತು ಬರ್ಡನ್ ಅವರ ಈ ಸಮೀಕ್ಷೆಯ ಫಲಿತಾಂಶ 1947ರಲ್ಲಿ ಹೊರಬಂದಿತು. ಏಳೂವರೆ ಸಾವಿರಕ್ಕೂ ಮೀರಿದ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್‌ನ ಗುರುತುಗಳಿದ್ದವು. ಭಾರತದಲ್ಲಿ ಈ ರೋಗದ ಮೊತ್ತಮೊದಲ ದೊಡ್ಡ ದಾಖಲೆಯಿದು; ಅದು ಕನ್ನಡ ನೆಲದಲ್ಲಿಯೇ ಹುಟ್ಟಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. 1880ರಿಂದ 1947ರವರೆಗೆ ಕಳೆದದ್ದು 67 ವರ್ಷಗಳು. ಹಾಲ್ಡೇನ್ ವರದಿ ಬಂದು 43 ವರ್ಷಗಳಾಗಿದ್ದವು. ರೋಗವು ಇದ್ದಕ್ಕಿದ್ದಂತೆ 1940ರಲ್ಲಿ ಗಣಿಯನ್ನು ಹೊಕ್ಕಿತೇ? ಇಲ್ಲ. ಅದುವರೆಗೆ ಕೆಮ್ಮಿ ಕೃಶರಾಗಿ ಊರಿಗೆ ಮರಳಿದವರು ಗಣಿಯ ಪುಸ್ತಕದಲ್ಲಿ 'ಕೆಲಸ ಬಿಟ್ಟವರು' ಮಾತ್ರ ಆಗಿದ್ದರು. ಎಕ್ಸ್‌ರೇ ಹಿಡಿದು ನೋಡಿದ ಮೇಲೆಯೇ ರೋಗಕ್ಕೆ ಲೆಕ್ಕ ಸಿಕ್ಕಿತು. ನೋಡುವ ಮನಸ್ಸಿಲ್ಲದಿರುವಾಗ ರೋಗವಿಲ್ಲವೆಂದು ಹೇಳುವುದು ಬಹಳ ಸುಲಭ.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಅರೆದು ಚಿನ್ನ ತೆಗೆದ ಕಲ್ಲಿನ ನುಣ್ಣನೆಯ ಪುಡಿಯು ಬೆಟ್ಟಗಳಂತೆ ಊರಿನ ನಡುವೆ ಉಳಿದುಕೊಂಡಿತು. ಜನರು ಅವುಗಳನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಪುಡಿ ಏಳುತ್ತದೆ, ಮನೆಗಳ ಮೇಲೆ ಇಳಿಯುತ್ತದೆ. ಚಿನ್ನವು ಊರನ್ನು ಬಿಟ್ಟುಹೋಯಿತು, ಧೂಳು ಹೋಗಲಿಲ್ಲ.

ಬೆಟ್ಟದೊಳಗಿನ ಸುರಂಗ, ಮಕ್ಕಳ ಕೈಯ ಬಳಪ

ಕೋಲಾರದ ಸಮೀಕ್ಷೆಗೆ ಮೊದಲೇ ಅಮೆರಿಕದಲ್ಲಿ ಒಂದು ಘೋರ ದುರಂತ ನಡೆದಿತ್ತು. ವೆಸ್ಟ್ ವರ್ಜೀನಿಯ ರಾಜ್ಯದ ಹಾಕ್ಸ್ ನೆಸ್ಟ್ ಎಂಬಲ್ಲಿ 1930ರಲ್ಲಿ ನದಿಯ ನೀರನ್ನು ವಿದ್ಯುತ್ತಿಗಾಗಿ ತಿರುಗಿಸಲು ಬೆಟ್ಟದೊಳಗೆ ಸುಮಾರು ಐದು ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆಯತೊಡಗಿದರು. ಯೋಜನೆಯು ಯೂನಿಯನ್ ಕಾರ್ಬೈಡ್ ಕಂಪನಿಗೆ ಸೇರಿದ್ದು. 1984ರ ಭೋಪಾಲ್ ದುರಂತದಿಂದ ನಮಗೆಲ್ಲ ಪರಿಚಿತವಾದ ಅದೇ ಹೆಸರು. ಬೆಟ್ಟದ ಕಲ್ಲಿನಲ್ಲಿ ಸಿಲಿಕಾ ಬಹಳವಾಗಿತ್ತು. ಕೆಲಸ ಬೇಗ ಮುಗಿಯಲೆಂದು ನೀರಿಲ್ಲದೆ ಒಣಗಲ್ಲನ್ನೇ ಕೊರೆಯಿಸಿದರು. ಒಳಗೆ ದುಡಿದ ಸುಮಾರು ಮೂರು ಸಾವಿರ ಮಂದಿಯಲ್ಲಿ ಹೆಚ್ಚಿನವರು ದಕ್ಷಿಣದ ರಾಜ್ಯಗಳಿಂದ ಕೂಲಿ ಅರಸಿ ಬಂದ ಕರಿಯರು. 1936ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯು ವಿಚಾರಣೆ ನಡೆಸಿದಾಗ 476 ಮಂದಿ ಸತ್ತಿದ್ದಾರೆಂಬ ಲೆಕ್ಕ ಬಂದಿತು. ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯ 1986ರಲ್ಲಿ ಮತ್ತೆ ಕೂಲಂಕಷವಾಗಿ ಪರಿಶೀಲಿಸಿ, ಸತ್ತವರು 764 ಎಂದು ಅಂದಾಜಿಸಿದನು. ಐವತ್ತು ವರ್ಷಗಳ ನಂತರ ಸತ್ತವರ ಸಂಖ್ಯೆ ಹೆಚ್ಚಾದದ್ದು ಹೇಗೆ? ಅವರು ಊರೂರುಗಳಿಗೆ ಚದುರಿಹೋಗಿ ಸತ್ತಿದ್ದರು.

ಇನ್ನೊಂದು ಸಂಗತಿ ನಮ್ಮ ಬಾಲ್ಯಕ್ಕೇ ಸಂಬಂಧಿಸಿದ್ದು. ನಮ್ಮಲ್ಲಿ ಅನೇಕರು ಅ ಆ ಇ ಈ ತಿದ್ದಿದ್ದು ಸ್ಲೇಟಿನ ಮೇಲೆ, ಬಳಪ ಹಿಡಿದು. ಆ ಬಳಪಕ್ಕೆ ಹೆಸರಾದ ಊರು ಮಧ್ಯಪ್ರದೇಶದ ಮಂದಸೌರ್. ಅಲ್ಲಿ ಕಲ್ಲನ್ನು ಯಂತ್ರದ ಗರಗಸದಿಂದ ಸಣ್ಣ ಕಡ್ಡಿಗಳಾಗಿ ಸೀಳುತ್ತಿದ್ದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವೈದ್ಯರು ಅಲ್ಲಿಗೆ ಹೋಗಿ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಕಾರ್ಮಿಕರಲ್ಲಿ ರೋಗ ಕಂಡಿತು. ಅದೂ ಅತಿವೇಗವಾಗಿ ಬೆಳೆಯುವ ರೋಗ. ಮೀಸೆ ಮೂಡಿದ ಕೆಲವೇ ವರ್ಷಗಳಲ್ಲಿ ಯುವಕರು ಸಾಯುತ್ತಿದ್ದರು. 1982ರಲ್ಲಿ ಅಲ್ಲಿನ ಸರ್ಕಾರವು ಬಳಪದ ಕಾರ್ಮಿಕರ ಕಲ್ಯಾಣನಿಧಿಗಾಗಿ ಕಾಯಿದೆ ಮಾಡಿತು. ಗರಗಸದ ಬಾಯಲ್ಲಿಯೇ ಧೂಳನ್ನು ಹೀರಿಕೊಳ್ಳುವ ಸಾಧನಗಳೂ ಬಂದವು. ಯಾರೋ ಮನೆಯವರು ಓದಲಿ ಎಂದು ಮತ್ತಾರದೋ ಮನೆಯ ಮಗ ಉಸಿರು ಕೊಟ್ಟಿದ್ದನು. ಅದನ್ನು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಲೆಕ್ಕವಿಡುವ ಕಾನೂನು

ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಧೂಳನ್ನು ಹುಟ್ಟಿದಲ್ಲಿಯೇ ಹಿಡಿಯಬೇಕೆಂದು ವಿಧಿಸಿತು. ಸಿಲಿಕೋಸಿಸನ್ನು, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆ ಕಾಯಿದೆಯ ಸ್ಥಾನವನ್ನು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯು ಪಡೆದಿದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕಾರ್ಮಿಕರ ಮೊಕದ್ದಮೆಯಲ್ಲಿ, ಕಾರ್ಮಿಕನ ಆರೋಗ್ಯವು ಅವನ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ಮತ್ತೊಂದು ಆದೇಶವಿತ್ತು: ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಪಾಡಬೇಕು. ಧೂಳಿನ ರೋಗವು ಕಾಯುತ್ತದೆ, ಆದುದರಿಂದ ಲೆಕ್ಕದ ಪುಸ್ತಕವೂ ಕಾಯಬೇಕು ಎಂಬ ತಿಳಿವು ಆ ಆದೇಶದಲ್ಲಿದೆ. ಕಲ್ಲುಗಣಿಗಳ ನಾಡಾದ ರಾಜಸ್ಥಾನವು 2019ರಲ್ಲಿ ಧೂಳಿನ ರೋಗಗಳಿಗಾಗಿಯೇ ಒಂದು ನೀತಿಯನ್ನು ತಂದಿತು. ಸಿಲಿಕಾ ತುಂಬಿದ ಕೃತಕ ಕಲ್ಲಿನ ಅಡುಗೆಕಟ್ಟೆಗಳನ್ನು ಕತ್ತರಿಸಿದ ಯುವಕರು ರೋಗಕ್ಕೆ ತುತ್ತಾದದ್ದನ್ನು ಕಂಡ ಆಸ್ಟ್ರೇಲಿಯವು ಅಂತಹ ಕಲ್ಲನ್ನೇ 2024ರ ಜುಲೈ 1ರಿಂದ ನಿಷೇಧಿಸಿತು.

ಆದರೆ ನಮ್ಮ ಅಂಗಳಕ್ಕೆ ಬರುವ ಯುವಕನಿಗೆ ಕಾರ್ಖಾನೆಯಿಲ್ಲ, ಹಾಜರಿ ಪುಸ್ತಕವಿಲ್ಲ, ತಪಾಸಣೆಯ ಅಧಿಕಾರಿಯಿಲ್ಲ. ಇಂದು ಒಂದು ಮನೆ, ನಾಳೆ ಇನ್ನೊಂದು. ಆ ಒಂದು ದಿನದ ಮಟ್ಟಿಗೆ ಅವನ ಯಜಮಾನರು ನಾವೇ.

ನಮ್ಮ ಅಂಗಳದಲ್ಲಿ

ಹಾಗಾದರೆ ನಾವೇನು ಮಾಡಬಹುದು? ಚರಿತ್ರೆ ಕಲಿಸಿದ ಕ್ರಮವನ್ನೇ ಅನುಸರಿಸೋಣ. ಮೊದಲನೆಯದು, ಧೂಳು ಏಳದಂತೆ ನೋಡಿಕೊಳ್ಳುವುದು. ಸಾಧ್ಯವಾದಷ್ಟು ಕಲ್ಲನ್ನು ನೀರು ಹಾಯಿಸಿ ಕತ್ತರಿಸುವ ಅಂಗಡಿಯಲ್ಲಿಯೇ ಅಳತೆಗೆ ಸರಿಯಾಗಿ ಕತ್ತರಿಸಿ ತರಿಸಿ. ಮನೆಯಲ್ಲಿಯೇ ಆಗಬೇಕೆಂದರೆ ನೀರಿನೊಡನೆ ಬಳಸಲೆಂದೇ ಮಾಡಿದ ಯಂತ್ರವಿರಲಿ. ಸಾಧಾರಣ ವಿದ್ಯುತ್ ಯಂತ್ರದ ಮೇಲೆ ನೀರು ಸುರಿದರೆ ವಿದ್ಯುದಾಘಾತದ ಅಪಾಯವಿದೆ. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು ಮನೆಯಲ್ಲಿರುವುದು ಒಳ್ಳೆಯದು. ಎರಡನೆಯದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕತ್ತರಿಸಲು ಬಿಡಬೇಡಿ. ಮೂರನೆಯದು, ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ ಬಾಚಿ ತೆಗೆಯಿರಿ. ಮುಖದ ಮುಸುಕು ಕಟ್ಟಕಡೆಯ ರಕ್ಷಣೆ. ಕರವಸ್ತ್ರವು ಈ ಸೂಕ್ಷ್ಮ ಕಣಗಳನ್ನು ತಡೆಯದು. ಕೊರೋನಾ ಕಾಲದಲ್ಲಿ ನಾವು ಅರಿತ ಎನ್-95 ಮಾದರಿಯ ಮುಸುಕು, ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ, ಸಹಾಯಮಾಡುತ್ತದೆ. ಕೆಲಸ ಮುಗಿದ ಮೇಲೆ ಅವನಿಗೆ ಕೈಕಾಲು ತೊಳೆಯಲು, ಬಟ್ಟೆ ಬದಲಿಸಲು ಜಾಗ ಕೊಡಿ. ಇಲ್ಲವಾದರೆ ಆ ಧೂಳು ಅವನ ಬಟ್ಟೆಯಲ್ಲಿ ಅವನ ಮಕ್ಕಳ ಬಳಿಗೂ ಹೋಗುತ್ತದೆ.

ಇದಕ್ಕೆಲ್ಲ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ, ಅಂಗಳ ಕೆಸರಾಗುತ್ತದೆ. ಆ ಹೆಚ್ಚಿನ ಸಮಯದ ಕೂಲಿಯನ್ನು ನಾವೇ ಕೊಡಬೇಕು. ಶೆಫೀಲ್ಡಿನಲ್ಲಿ ಖರ್ಚು ಯಾರದ್ದೆಂದು ಜಗಳವಾಡುತ್ತ ಕಾಲ ಕಳೆದದ್ದನ್ನು ನೆನೆಯಿರಿ. ಮನೆಗೆ ಮಾತ್ರವಲ್ಲ, ನಮ್ಮ ದೇವಾಲಯದ ನೆಲಕ್ಕೆ, ಶಾಲೆಯ ಮೆಟ್ಟಿಲಿಗೆ, ಸಮುದಾಯ ಭವನಕ್ಕೆ ಕಲ್ಲು ಹಾಸುವಾಗಲೂ ಇದೇ ಮಾತು. ಗುತ್ತಿಗೆಯ ಪತ್ರದಲ್ಲಿ ಕಲ್ಲಿನ ಬೆಲೆಯ ಕೆಳಗೆ 'ನೀರು ಹಾಯಿಸಿಯೇ ಕತ್ತರಿಸತಕ್ಕದ್ದು' ಎಂಬ ಒಂದು ಸಾಲು ಸೇರಲಿ.

ನಮ್ಮ ಬಂಧುಬಳಗದಲ್ಲಿ ಕಲ್ಲುಕ್ವಾರಿಯಲ್ಲಿ, ಜಲ್ಲಿ ಯಂತ್ರದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದವರು ಯಾರಾದರೂ ಬಿಡದೆ ಕೆಮ್ಮುತ್ತಿದ್ದರೆ, ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದರೆ, ವೈದ್ಯರ ಬಳಿಗೆ ಕರೆದೊಯ್ಯಿರಿ. ಕ್ಷಯದ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ವೈದ್ಯರು ಕೇಳದಿದ್ದರೂ, ರಾಮಾಝೀನಿಯ ಪ್ರಶ್ನೆಗೆ ನೀವೇ ಉತ್ತರ ಕೊಡಿ: ಇವರು ಇಷ್ಟು ವರ್ಷ ಇಂತಹ ಕೆಲಸ ಮಾಡಿದ್ದಾರೆ ಎಂದು. ಆ ಒಂದು ಮಾತು ಕಡತದಲ್ಲಿ ಸೇರಿದರೆ ಒಂದು ಜೀವ ಲೆಕ್ಕಕ್ಕೆ ಬಂದಂತೆ.

ಮುಂದಿನ ಬಾರಿ ನಿಮ್ಮ ಬೀದಿಯಲ್ಲಿ ಬಿಳಿಯ ಮೋಡ ಎದ್ದಾಗ ಕಿಟಕಿ ಮುಚ್ಚುವ ಮೊದಲು ಹೊರಗೆ ಬನ್ನಿ. ಅದರೊಳಗೆ ಕುಳಿತವನ ಹೆಸರು ಕೇಳಿ, ಕೆಲಸ ನಿಲ್ಲಿಸಿ ಕೊಂಚ ಮಾತನಾಡಿ. ನೀರು ಹಾಯಿಸಿ ಕತ್ತರಿಸಲು ಬೇಕಾದುದನ್ನು ಒದಗಿಸಿಕೊಡಿ.